ಮರಸಾಲಿನ ಕಂಡಿ

ಫೆಬ್ರವರಿಯ ಎರಡನೇ ವಾರ, ಒಂದು ಸಂಜೆ, ವಿಯೋರಿಕಾ ಆ ಕಾಗದವನ್ನು ಊಟದ ಮೇಜಿನ ಮೇಲೆ ಮಾವನ ತಟ್ಟೆಯ ಪಕ್ಕದಲ್ಲೇ ಇಟ್ಟಳು. ನಲವತ್ತೊಂಬತ್ತು ಮನೆಗಳ ಸಹಿ ಅದರಲ್ಲಿತ್ತು. ಒಂದೊಂದು ಮನೆಗೂ ಅವಳೇ ಹೋಗಿ, ಕೂತು, ಕೊಟ್ಟದ್ದು ಕುಡಿದು, ಬೈದದ್ದು ಕೇಳಿಸಿಕೊಂಡು ಹಾಕಿಸಿಕೊಂಡು ಬಂದ ಸಹಿಗಳು. ಉಳಿದದ್ದು ಒಂದೇ ಮನೆ, ಅವಳದು.

"ಮಾವ, ಊಟ ಆದ್ಮೇಲೆ ಇದಕ್ಕೊಂದು ಸಹಿ ಹಾಕಿಬಿಡಿ."

ಇಲಾರಿಯೆ ಮೆಕ್ಕೆಜೋಳದ ಮುದ್ದೆಯನ್ನು ಮುರಿದು ಕಾಳಿನ ಸಾರಿನಲ್ಲಿ ಅದ್ದಿದ. ಎಪ್ಪತ್ನಾಲ್ಕರ ಮುದುಕ. ಹೆಂಡತಿ ಸಾವೆತಾ ಸತ್ತು ನಾಲ್ಕು ತಿಂಗಳಾಗಿತ್ತು.

"ಏನದು?"

"ಗೊತ್ತಿದ್ದೂ ಕೇಳ್ತೀರಲ್ಲ. ಮರಸಾಲಿಂದು. ಹೊಲದ ಮೂಡಣ ಅಂಚಲ್ಲಿ ಎಂಟು ಮೀಟರ್ ಬಿಡಬೇಕು."

"ಯಾರ ಹೊಲ?"

"ನಮ್ಮ ಹೊಲ."

"ನಮ್ಮದು ಅಂತ ಪತ್ರದಲ್ಲಿ ಬರೆದಿಲ್ಲ. ಇಲಾರಿಯೆ ಅಂತ ಬರೆದಿದೆ."

ವಿಯೋರಿಕಾ ಗಂಡನ ಮುಖ ನೋಡಿದಳು. ತೀತು ಬಟ್ಟಲಿನ ತಳ ಕೆರೆಯುತ್ತಿದ್ದ. ಊರಿನಿಂದ ಪೇಟೆಗೆ ಮಿನಿ ಬಸ್ ಓಡಿಸುವ ಅವನು ದಿನವಿಡೀ ಜನರ ಮಾತು ಕೇಳಿ ಬಂದು ಮನೆಯಲ್ಲಿ ಬಾಯಿ ತೆರೆಯುತ್ತಿರಲಿಲ್ಲ. ಮಾತಾಡಿದ್ದು ಮಗಳು ಸ್ಮಾರಂದಾ, ಹದಿನಾರರವಳು.

"ತಾತ, ಇಡೀ ಊರೇ ಹಾಕಿದೆ. ನಿಂದೊಂದೇ ಬಾಕಿ."

"ಇಡೀ ಊರು ಅವತ್ತೂ ಹಾಕಿತ್ತು ಕಣೇ, ಐವತ್ತೊಂಬತ್ತರಲ್ಲಿ, ಸಾಮೂಹಿಕ ಬೇಸಾಯಕ್ಕೆ ಹೊಲ ಬಿಟ್ಟುಕೊಡ್ತೀವಿ ಅಂತ. ನಮ್ಮಪ್ಪಂದು ಒಂದೇ ಬಾಕಿ ಇತ್ತು. ಹನ್ನೊಂದು ದಿನ ಠಾಣೇಲಿ ಕೂಡಿಹಾಕಿದ್ರು. ಹನ್ನೆರಡನೇ ದಿನ ಹಾಕಿದ. ಮನೆಗೆ ಬಂದವನು ನಮ್ಮ ಮುಖ ನೋಡಲಿಲ್ಲ."

"ಅದಕ್ಕೂ ಇದಕ್ಕೂ ಏನು ಸಂಬಂಧ ಮಾವ? ಇಲ್ಲಿ ಯಾರು ನಿಮ್ಮನ್ನ ಠಾಣೆಗೆ ಹಾಕ್ತಿದಾರೆ?"

"ಮರಳು ಹಿಡಿಯೋಕೆ ರೈ ಪೈರು ಬಿತ್ತು ಅಂದ್ರಿ, ಕಲ್ಲಂಗಡಿ ಸಾಲಿನ ನಡುವೆ ರೈ ಬಿತ್ತಿದೆ. ಆಳ ಉಳಬೇಡ ಅಂದ್ರಿ, ನೇಗಿಲು ಕಳಚಿಟ್ಟೆ. ಕುರಿಗೊಬ್ಬರ ಅಂದ್ರಿ, ಹೊತ್ತೆ. ಈಗ ನೆಲಾನೇ ಬಿಡು ಅಂತೀರಿ. ನಾಳೆ ಇನ್ನೇನು ಕೇಳ್ತೀರಿ?"

ಅವನು ಕಾಗದವನ್ನು ಮಡಿಸಿ, ಒಂದು ಕೊನೆಯೂ ಸುಕ್ಕಾಗದಂತೆ ಸೊಸೆಯ ಕಡೆ ಸರಿಸಿದ. ಇನ್ನೊಂದು ಚೂರು ಮುದ್ದೆ ಕೇಳಿದ. ಅವಳು ಬಡಿಸಿದಳು.

ನಾನು ನಿಸಿಪೇನಿ ಎಂಬ ಈ ಊರಿನ ಅಂಚೆಯವಳು. ವಿಯೋರಿಕಾ ಮತ್ತು ನಾನು ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಆ ಮನೆಯೊಳಗಿನ ಮಾತುಗಳನ್ನು ಅವಳು ಆಮೇಲೆ ನನಗೆ ಹೇಳಿದಳು. ಬೀದಿಯಲ್ಲಿ ಆದದ್ದನ್ನು ನಾನೇ ಕಂಡೆ. ಅದರಲ್ಲಿ ನನ್ನ ಪಾಲೂ ಇದೆ, ಅದನ್ನೂ ಹೇಳುತ್ತೇನೆ.

ನಮ್ಮದು ಡ್ಯಾನ್ಯೂಬ್ ನದಿಯ ದಡದ ಮರಳುನೆಲ. ಕಲ್ಲಂಗಡಿಗೆ ಅದಕ್ಕಿಂತ ಒಳ್ಳೆಯ ನೆಲ ಇಲ್ಲ, ಗಾಳಿಗೆ ಅದಕ್ಕಿಂತ ಸದರದ ನೆಲವೂ ಇಲ್ಲ. ಸಾಮೂಹಿಕ ಬೇಸಾಯದ ಕಾಲದಲ್ಲಿ ಹೊಲಗಳ ನಡುವೆ ಅಕೇಸಿಯಾ ಮರಗಳ ಸಾಲು ನೆಟ್ಟಿದ್ದರು. ಕಮ್ಯುನಿಸ್ಟ್ ಆಡಳಿತ ಬಿದ್ದು ಹೊಲಗಳು ಅವರವರಿಗೆ ವಾಪಸು ಬಂದ ಮೇಲೆ ಎರಡೇ ಚಳಿಗಾಲದಲ್ಲಿ ಊರವರು ಅವನ್ನೆಲ್ಲ ಕಡಿದು ಒಲೆಗೆ ಹಾಕಿದರು. ನಮ್ಮ ಮನೆಯಲ್ಲೂ ಅದೇ ಸೌದೆ ಉರಿಯಿತು. ಮೊದಲ ಮರಕ್ಕೆ ಗರಗಸ ಇಟ್ಟವನು ಇಲಾರಿಯೆ. ಅದು ಎಲ್ಲರಿಗೂ ಗೊತ್ತು, ಯಾರೂ ಆಡುತ್ತಿರಲಿಲ್ಲ. ಆಮೇಲೆ ಮರಳು ನಡೆಯತೊಡಗಿತು. ಬಾವಿಗೆ ಬಂತು, ಶಾಲೆಯ ಮೆಟ್ಟಿಲಿಗೆ ಬಂತು. ಪಡುವಲ ಹೊಲಗಳಲ್ಲಿ ಹುಲ್ಲೂ ಏಳದಾಯಿತು. ಮೂರು ವರ್ಷದ ಹಿಂದೆ ಗ್ರೋಜಾವ್ ಮೇಷ್ಟ್ರು ನಿವೃತ್ತರಾದಾಗ ವಿಯೋರಿಕಾ ಮತ್ತು ಇನ್ನು ನಾಲ್ಕೈದು ಹೆಂಗಸರು ಅವರನ್ನು ಮುಂದಿಟ್ಟುಕೊಂಡು ಮರಳು ತಡೆಯಲು ಸಂಘ ಕಟ್ಟಿದರು. ರೈ, ಗೊಬ್ಬರ ಎಲ್ಲ ಆಗಿ ಈಗ ಮರದ ಸರದಿ ಬಂದಿತ್ತು.

ಮಾರ್ಚ್ ಎರಡನೇ ಶನಿವಾರ ಊರಿಗೆ ಊರೇ ಹೊಲಕ್ಕೆ ಬಂತು. ಮೇಷ್ಟ್ರು ಡಾಂಬರು ರಸ್ತೆಯಿಂದ ಕಾಲುವೆಯವರೆಗೆ ಹಗ್ಗ ಹಿಡಿಸಿದರು. ಇಲಾರಿಯೆಯ ಹೊಲದ ಕಲ್ಲು ಬಂದಾಗ ಹಗ್ಗ ನಿಂತಿತು. ನೂರೈವತ್ತು ಮೀಟರ್ ಆಚೆ, ಅವನ ಹೊಲ ಮುಗಿಯುವಲ್ಲಿ ಮತ್ತೆ ಶುರುವಾಯಿತು. ನಾವೆಲ್ಲ ಅಷ್ಟು ದೂರ ಸಲಿಕೆ ಹೆಗಲಿಗೇರಿಸಿಕೊಂಡು ಸುಮ್ಮನೆ ನಡೆದೆವು.

ವಿಯೋರಿಕಾ ಬೇರೆಯವರ ಹೊಲದಲ್ಲಿ ಮೊಣಕಾಲೂರಿ ಸಸಿ ಇಡುತ್ತಿದ್ದಳು. ಹಿಂದಿನಿಂದ ಒಬ್ಬಳು ಕೂಗಿದಳು.

"ವಿಯೋರಿಕಾ, ನಿಮ್ಮ ಹೊಲದಲ್ಲಿ ಯಾವಾಗ್ಲೇ? ಮಾವನ್ನ ಮಣ್ಣು ಮಾಡಿದ್ಮೇಲಾ?"

ಜನ ನಕ್ಕರು. ಅವಳೂ ನಗುವವಳ ಹಾಗೆ ಹಲ್ಲು ತೋರಿಸಿದಳು.

ಮನೆಗೆ ಬಂದಾಗ ಇಲಾರಿಯೆ ತಾನೇ ಕಾಳು ಬೇಯಿಸಿಟ್ಟಿದ್ದ. ಅವಳು ಕೈ ತೊಳೆದು ಬಂದು ಪಾತ್ರೆಯ ಮುಚ್ಚಳ ತೆಗೆದಳು.

"ಉಪ್ಪು ಹಾಕಿಲ್ಲ."

"ಮರೆತೆ."

"ಒಂದು ಉಪ್ಪೂ ನೆಟ್ಟಗೆ ಹಾಕೋಕಾಗಲ್ಲ. ಇಡೀ ದಿನ ಊರವರ ಮುಂದೆ ನನ್ನ ಮಾನ ಹರಾಜಾಯ್ತು. ಮಾವನ್ನ ಮಣ್ಣು ಮಾಡಿದ್ಮೇಲಾ ಅಂತ ಕೇಳಿದ್ರು, ಗೊತ್ತಾ?"

"ಯಾರು ಕೇಳಿದ್ದು?"

"ಯಾರಾದ್ರೇನು? ನಕ್ಕವರು ಐವತ್ತು ಜನ."

"ನೀನೂ ನಕ್ಕೆಯಾ?"

ಅವಳು ಪಾತ್ರೆಯ ಮೇಲೆ ಮುಚ್ಚಳ ಕುಕ್ಕಿದಳು. ಇಲಾರಿಯೆ ತಟ್ಟೆ ಸರಿಸಿದ. ಆಮೇಲೆ, "ನನ್ನ ಸೂರಿನ ಕೆಳಗಿದ್ದುಕೊಂಡು..." ಎಂದು ಶುರು ಮಾಡಿದ.

"ನಿಮ್ಮ ಸೂರು, ಸರಿ. ಅದರ ಕೆಳಗೆ ಬಿತ್ತೋದು ಯಾರು, ಕೀಳೋದು ಯಾರು, ಒಗೆಯೋದು ಯಾರು? ಅತ್ತೆ ಮಲಗಿದಾಗ ಏಳು ತಿಂಗಳು ಹೇಸಿಗೆ ಬಾಚಿದ್ದು ಯಾರು? ಪತ್ರದಲ್ಲಿ ನನ್ನ ಹೆಸರಿಲ್ಲ, ನಿಜ."

"ವಿಯೋರಿಕಾ, ಸಾಕು," ಎಂದ ತೀತು.

"ನಿಮ್ಮ ಬಾಯಿಂದ ಬರೋದು ಅದೊಂದೇ, ಸಾಕು ಅನ್ನೋದು. ಅದನ್ನಾದ್ರೂ ನಿಮ್ಮಪ್ಪನಿಗೆ ಒಂದ್ಸಲ ಹೇಳಿ."

ಇಲಾರಿಯೆ ತನ್ನ ತಟ್ಟೆ, ಚಮಚ ಎತ್ತಿಕೊಂಡು ಅಂಗಳ ದಾಟಿ ಬೇಸಿಗೆ ಅಡುಗೆಮನೆಗೆ ಹೋದ. ಹಿತ್ತಲ ಕಡೆ ಒಂದೇ ಕೋಣೆ, ಕಬ್ಬಿಣದ ಒಲೆ, ಒಂದು ಕಿಟಕಿ. ಮರುದಿನ ಹಾಸಿಗೆಯನ್ನೂ ಒಯ್ದ. ಸ್ಮಾರಂದಾ ದಿಂಬು ಹಿಡಿದುಕೊಂಡು ಹಿಂದೆ ಹೋಗಿ, "ತಾತ, ಅಮ್ಮ ಸಿಟ್ಟಲ್ಲಿ ಅಂದದ್ದು, ಬಾ ಒಳಗೆ," ಎಂದು ಕರೆದಳು. "ಸಿಟ್ಟಲ್ಲಿ ಅಂದ್ರೂ ಸುಳ್ಳೇನು ಅನ್ನಲಿಲ್ಲ," ಎಂದು ದಿಂಬು ಈಸಿಕೊಂಡ.

ಹೀಗೆ ಒಂದು ಮನೆ ಎರಡು ಒಲೆಯಾಯಿತು. ವಿಯೋರಿಕಾ ದಿನಾ ಒಂದು ಬಟ್ಟಲು ಹುಳಿಸಾರು ಮಗಳ ಕೈಲಿ ಕಳಿಸುತ್ತಿದ್ದಳು. ಬಟ್ಟಲು ತೊಳೆದು ವಾಪಸು ಬರುತ್ತಿತ್ತು. ಮಾತು ಹೋಗುತ್ತಲೂ ಇರಲಿಲ್ಲ, ಬರುತ್ತಲೂ ಇರಲಿಲ್ಲ.

ಊರೂ ಸುಮ್ಮನಿರಲಿಲ್ಲ. ತೀತುವಿನ ಬಸ್ಸಿನಲ್ಲಿ ಮೊದಲೆಲ್ಲ ಮುಂದಿನ ಸೀಟಿಗೆ ಜಗಳವಾಗುತ್ತಿತ್ತು, ಅವನ ಪಕ್ಕ ಕೂತು ಹರಟಬಹುದು ಎಂದು. ಈಗ ಜನ ಹಿಂದಿನಿಂದ ತುಂಬಿಕೊಂಡು ಬರುತ್ತಿದ್ದರು. ಒಂದು ದಿನ ಹದಿನೆಂಟು ಜನರ ಬಸ್ಸಿನಲ್ಲಿ ಇಬ್ಬರು ನಿಂತುಕೊಂಡೇ ಪೇಟೆಗೆ ಹೋದರು, ಆ ಸೀಟು ಖಾಲಿಯೇ ಇತ್ತು. ವಿಯೋರಿಕಾ ಅಂಗಡಿಗೆ ಬಂದರೆ ಹೆಂಗಸರು ಆಡುತ್ತಿದ್ದ ಮಾತು ಬಿಟ್ಟು ಬ್ರೆಡ್ಡಿನ ವಿಷಯ ಮಾತಾಡತೊಡಗುತ್ತಿದ್ದರು.

ಏಪ್ರಿಲ್ ಮೊದಲಲ್ಲಿ ನಾನು ಇಲಾರಿಯೆಗೆ ಪಿಂಚಣಿ ಕೊಡಲು ಹೋದಾಗ ಅವನು ಆಲೂಗಡ್ಡೆ ಸುಲಿಯುತ್ತಿದ್ದ. ಒಂದೇ ಆಲೂಗಡ್ಡೆ. ನನ್ನನ್ನು ಕಂಡು ಎದ್ದು, ಗೋಡೆಗೆ ತೂಗುಹಾಕಿದ್ದ ಇನ್ನೊಂದು ಕುರ್ಚಿ ಇಳಿಸಿ, ಅಂಗಿಯ ತೋಳಿನಿಂದಲೇ ಒರೆಸಿದ.

"ಕೂತ್ಕೊಳಮ್ಮ ತಾಸಿಯಾ. ಪ್ಲಮ್ ಸಾರಾಯಿ ಇದೆ, ಒಂದು ಗುಟುಕು."

"ಇನ್ನೂ ಇಪ್ಪತ್ತು ಮನೆ ಇದೆ ಅಜ್ಜ."

"ಮೊದಲೆಲ್ಲ ಕೂರ್ತಿದ್ದೆ."

"ಮೊದಲು ಸಾವೆತಾ ಅಜ್ಜಿ ಇದ್ರು."

ಅವನು ಸಹಿ ಹಾಕಿದ. ಸುಮ್ಮನಿರಲಾರದೆ ನಾನು, "ನೋಡಿ, ಇದಕ್ಕೆ ಹಾಕ್ತೀರಿ," ಎಂದೆ. ಅವನು ನಗಲಿಲ್ಲ. ನಾನು ಗೇಟು ದಾಟುವಾಗ ಕುರ್ಚಿಯನ್ನು ಮತ್ತೆ ಗೋಡೆಗೆ ಏರಿಸುವ ಸದ್ದು ಕೇಳಿಸಿತು.

ಅದೇ ವಾರ ಗಾಳಿ ಎದ್ದಿತು, ಪಡುವಣದ್ದು. ಮೂರು ದಿನ ಬಿಡಲಿಲ್ಲ. ನಾವು ನೆಟ್ಟ ಸಸಿಗಳು ಗೇಣುದ್ದದವು, ಅವು ಗಾಳಿ ತಡೆಯುವಂಥವೇನಲ್ಲ. ಆದರೆ ಸಾಲಿನ ಎರಡೂ ಬದಿ ಸಂಘದವರು ಜೊಂಡಿನ ತಡಿಕೆ ಕಟ್ಟಿದ್ದರು. ಅದು ಮರಳನ್ನು ಹಿಡಿಯಿತು. ಹಿಡಿದದ್ದೆಲ್ಲ ತಡಿಕೆಯ ಗುಂಟ ಓಡಿ ಇಲಾರಿಯೆಯ ಹೊಲದಂಚಿನ ಖಾಲಿ ಕಂಡಿಯಲ್ಲಿ ನುಗ್ಗಿತು. ಕಂಡಿಯ ಹಿಂದಿನದು ಪ್ರೊಫೀರಾಳ ಹೊಲ. ಅವಳು ವಿಧವೆ, ಸಾವೆತಾಳಿಗೆ ಹುಡುಗಿಯಾಗಿದ್ದಾಗಿನಿಂದ ಗೆಳತಿ. ಅವಳು ಹಿಂದಿನ ವಾರವಷ್ಟೇ ಕಲ್ಲಂಗಡಿ ಸಸಿಗಳನ್ನು ಪ್ಲಾಸ್ಟಿಕ್ ಹೊದಿಕೆಯಡಿ ನಾಟಿ ಮಾಡಿದ್ದಳು. ಮೂರನೇ ದಿನ ಗಾಳಿ ನಿಂತಾಗ ಪ್ಲಾಸ್ಟಿಕ್ಕು ಕಾಲುವೆಯಲ್ಲಿತ್ತು, ಸಸಿಗಳ ಮೇಲೆ ಮೊಣಕಾಲುದ್ದ ಮರಳಿತ್ತು.

ಪ್ರೊಫೀರಾ ಅವರ ಗೇಟಿಗೆ ಬಂದಾಗ ವಿಯೋರಿಕಾ ಬಟ್ಟೆ ಹರವುತ್ತಿದ್ದಳು. ಬೈಗುಳಕ್ಕೆ ಸಿದ್ಧಳಾಗಿ ಹತ್ತಿರ ಹೋದಳು. ಪ್ರೊಫೀರಾ ಬೈಯಲಿಲ್ಲ. ತಲೆವಸ್ತ್ರದ ತುಂಬ ಮರಳಿತ್ತು.

"ಮುಂದಿನ ಭಾನುವಾರ ಅಲ್ವೇನೇ ಸಾವೆತಾಳ ಆರು ತಿಂಗಳಿನ ಊಟ?"

"ಹೌದು ಚಿಕ್ಕಮ್ಮ. ನೀವು ಮುಂಚೇನೇ ಬರಬೇಕು, ಎಲೆಕೋಸಿನ ಸುರುಳಿ ಕಟ್ಟೋಕೆ ನನಗೆ ಕೈ ಸಾಲಲ್ಲ."

"ನಾನು ಬರಲ್ಲ ಕಣಮ್ಮ. ಅವಳಿಗೆ ಬೇಕಾದ್ದು ಗೋರಿ ಹತ್ರ ಹೋಗಿ ನಾನೇ ಹೇಳ್ಕೋತೀನಿ. ಈ ಗೇಟು ದಾಟಲ್ಲ."

"ಚಿಕ್ಕಮ್ಮ, ನನ್ನ ತಪ್ಪೇನಿದೆ? ನಾನು ಕಾಲು ಹಿಡಿದು ಕೇಳಿದೆ ಅವರನ್ನ."

"ನಿನ್ನ ತಪ್ಪು ಅಂತ ಅಂದ್ನಾ?" ಎಂದು ಕೇಳಿ ಅವಳು ಹೊರಟುಹೋದಳು. ಅಂಗಳದಾಚೆ ಬೇಸಿಗೆ ಅಡುಗೆಮನೆಯ ಕಿಟಕಿ ತೆರೆದಿತ್ತು.

ಆ ಭಾನುವಾರಕ್ಕೆ ವಿಯೋರಿಕಾ ಮತ್ತು ಸ್ಮಾರಂದಾ ಮೂರು ದಿನ ಅಡುಗೆ ಮಾಡಿದರು. ಹುಳಿ ಎಲೆಕೋಸಿನಲ್ಲಿ ಮಾಂಸ, ಅಕ್ಕಿ ಸುತ್ತಿದ ಸುರುಳಿ ಎರಡು ಹಂಡೆ. ಕೋಳಿಸಾರು. ಗೋಧಿ, ಅಕ್ರೋಟು, ಸಕ್ಕರೆಯ ಕೊಲೀವಾ, ಅದರ ಮೇಲೆ ಕೋಕೋ ಪುಡಿಯಲ್ಲಿ ಶಿಲುಬೆ. ಹೆಣೆದ ಬ್ರೆಡ್ಡು ನಲವತ್ತು. ದ್ರಾಕ್ಷಿ ಚಪ್ಪರದ ಕೆಳಗೆ ಮೇಜು ಜೋಡಿಸಿ, ನಲವತ್ತು ಬಟ್ಟಲು, ನಲವತ್ತು ಮೋಂಬತ್ತಿ ಇಟ್ಟರು. ನಮ್ಮಲ್ಲಿ ಸತ್ತವರ ಊಟ ಬದುಕಿದವರು ಉಣ್ಣಬೇಕು. ಉಂಡವರ ಕೈಗೆ ಬಟ್ಟಲನ್ನೂ ಕೊಟ್ಟು ಕಳಿಸಬೇಕು. ಹಾಗೆ ಕೊಟ್ಟದ್ದೇ ಅವರಿಗೆ ಅಲ್ಲಿ ಸಿಗುವುದು. ಯಾರೂ ಉಣ್ಣದಿದ್ದರೆ ಅವರು ಹಸಿದೇ ಇರುತ್ತಾರೆ.

ಪಾದ್ರಿ ಬಂದರು. ಹಾಡುವವರು ಬಂದರು. ಕಿವಿ ಕೇಳದ ಒಬ್ಬ ಮುದುಕಿ, ಎಲ್ಲ ಊಟಕ್ಕೂ ಹೋಗುವ ಅಣ್ಣತಮ್ಮ ಇಬ್ಬರು, ಪೇಟೆಯಿಂದ ತೀತುವಿನ ಮಾವನ ಮಗ. ಅಷ್ಟೇ. ಪಾದ್ರಿ ಪ್ರಾರ್ಥನೆಯನ್ನು ಎಳೆದರು, ಆಮೇಲೆ ಇನ್ನೂ ಎಳೆದರು, ಗೇಟಿನ ಕಡೆ ನೋಡುತ್ತ. ಕೊನೆಗೆ ಮುಗಿಸಲೇಬೇಕಾಯಿತು.

ನಾನೂ ಹೋಗಲಿಲ್ಲ. ಕಪ್ಪು ತಲೆವಸ್ತ್ರ ಕಟ್ಟಿಕೊಂಡು, ಮೋಂಬತ್ತಿ ಕೈಯಲ್ಲಿ ಹಿಡಿದು ನನ್ನ ಮನೆಯ ಗೇಟಿನವರೆಗೆ ಬಂದೆ. ಬೀದಿ ಉದ್ದಕ್ಕೂ ಒಂದು ನರಪಿಳ್ಳೆ ಇರಲಿಲ್ಲ. ಎದುರು ಮನೆಯ ಪರದೆ ಅಲುಗಿತು. ನಾನೊಬ್ಬಳೇ ಹೋದರೆ ಎಲ್ಲರೂ ನೋಡುತ್ತಾರೆ ಅನ್ನಿಸಿತು. ಸ್ವಲ್ಪ ಹೊತ್ತು ನೋಡಿ ಹೋಗೋಣ ಎಂದುಕೊಂಡು ಒಳಗೆ ಬಂದೆ. ಹಾಗೇ ಮಧ್ಯಾಹ್ನವಾಯಿತು.

ಅಲ್ಲಿ ಚಪ್ಪರದ ಕೆಳಗೆ ಸ್ಮಾರಂದಾ ಅಳತೊಡಗಿದಳು. "ಅಜ್ಜಿ ಇವರಿಗೆಲ್ಲ ಏನು ಮಾಡಿದ್ರು? ಒಬ್ಬೊಬ್ಬರ ಮನೆ ಹೆರಿಗೆಗೂ ಹೋಗಿರಲಿಲ್ವಾ?"

"ಸಾರು ಆರಿಹೋಗ್ತಿದೆ," ಎಂದಳು ವಿಯೋರಿಕಾ.

ಇಲಾರಿಯೆ ಎದ್ದ. ಕೊಟ್ಟಿಗೆಯಿಂದ ಕೈಗಾಡಿ ತಂದು, ಸಗಣಿಯ ಕಲೆ ತೊಳೆದು, ಮೇಲೆ ಶುಭ್ರವಾದ ಬಟ್ಟೆ ಹಾಸಿದ. "ತುಂಬು," ಎಂದು ಸೊಸೆಗೆ ಹೇಳಿದ. ಐದು ವಾರದಲ್ಲಿ ಅವಳೊಡನೆ ಆಡಿದ ಮೊದಲ ಮಾತು.

"ಎಲ್ಲಿಗೆ ಅಪ್ಪ? ನಾನು ಬರ್ತೀನಿ," ಎಂದ ತೀತು.

"ಬೇಡ. ಅವಳು ನನ್ನ ಹೆಂಡತಿ."

ಮೂರು ಸಲ ತುಂಬಿಕೊಂಡು ಹೋದ. ಒಂದೊಂದು ಗೇಟಿನ ಮುಂದೆಯೂ ಗಾಡಿ ನಿಲ್ಲಿಸಿ, ಟೋಪಿ ತೆಗೆದು, ಬಟ್ಟಲು ಚಾಚುತ್ತಿದ್ದ. ಸತ್ತವರ ಹೆಸರಿನ ಊಟವನ್ನು ಬೇಡ ಎನ್ನುವಂತಿಲ್ಲ. ಜನ ಹೊರಗೆ ಬಂದು, ಎರಡು ಕೈಯಲ್ಲಿ ಈಸಿಕೊಂಡು, "ದೇವರು ಅವಳನ್ನ ಕ್ಷಮಿಸಲಿ," ಎಂದು ಹೇಳಿ, ಗೇಟು ಹಾಕಿಕೊಳ್ಳುತ್ತಿದ್ದರು. ಒಬ್ಬರೂ ಒಳಗೆ ಬಾ ಎನ್ನಲಿಲ್ಲ.

ನನ್ನ ಗೇಟಿಗೂ ಬಂದ. ನನ್ನ ತಲೆಯ ಮೇಲಿನ ಕಪ್ಪು ವಸ್ತ್ರವನ್ನು ನೋಡಿದ. ನಾನು ಅದನ್ನು ಬಿಚ್ಚಲು ಮರೆತಿದ್ದೆ.

"ಸಾವೆತಾ ಹೆಸರಲ್ಲಿ," ಎಂದ.

"ಅಜ್ಜ, ನಾನು ಹೊರಟಿದ್ದೆ..."

"ಬಿಸಿ ಇದೆ, ತಗೋ," ಎಂದು ಗಾಡಿ ತಳ್ಳಿಕೊಂಡು ಎದುರು ಮನೆಗೆ ಹೋದ. ಅದು ಪ್ರೊಫೀರಾಳ ಮನೆ. ನಾನು ಬಟ್ಟಲು ಹಿಡಿದುಕೊಂಡು ಅಲ್ಲೇ ನಿಂತೆ.

ಪ್ರೊಫೀರಾ ಕೈ ಚಾಚಲಿಲ್ಲ. "ಅವಳ ಹೆಸರಲ್ಲಿ ತಗೋತೀನಿ. ನಿನ್ನ ಕೈಯಿಂದ ಅಲ್ಲ. ಅಲ್ಲಿಡು."

ಅವನು ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಬಟ್ಟಲಿಟ್ಟು, ಮೋಂಬತ್ತಿಯನ್ನು ಅದರ ಪಕ್ಕ ಇಟ್ಟ. ಹೋಗಲಿಲ್ಲ.

"ಪ್ರೊಫೀರಾ, ಸಸಿ ಎಲ್ಲ ಹೋಯ್ತಾ?"

"ಹೋಯ್ತು."

"ಒಂದೂ ಉಳಿಲಿಲ್ವಾ?"

"ನೋಡೋಕೆ ಹೋಗಲಿಲ್ಲ ನಾನು. ನೀನು ಆ ಮರ ಕಡಿದ ಚಳಿಗಾಲ, ಗರಗಸದ ಇನ್ನೊಂದು ತುದಿ ಹಿಡಿದವಳು ಅವಳು. ಅಂಗೈ ತುಂಬ ಬೊಬ್ಬೆ. ಬಾವಿ ಹತ್ರ ನನಗೆ ತೋರಿಸಿದ್ಲು."

"ನನಗೆ ತೋರಿಸಲಿಲ್ಲ."

"ನಿನಗೆ ಹೇಗೆ ತೋರಿಸ್ತಾಳೆ? ಒಂದೊಂದು ಮರ ಬಿದ್ದಾಗ್ಲೂ ಎದೆ ಧಸಕ್ ಅಂತಿತ್ತಂತೆ. ಬೇಡ ಅಂತ ಹೇಳೇ ಅಂದೆ. ಅವಳೇನಂದ್ಲು ಗೊತ್ತಾ? 'ಅವರಪ್ಪನ್ನ ಕೂಡಿಹಾಕಿದ್ದರ ಸಿಟ್ಟು ಅದು ಕಣೇ. ಮರದ ಮೇಲೆ ತೀರಿಹೋಗ್ಲಿ, ಮನೆಗೆ ಬರೋದು ಬೇಡ' ಅಂದ್ಲು."

ಇಲಾರಿಯೆ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತಿದ್ದ.

"ತೀರಲಿಲ್ಲ ನೋಡು," ಎಂದಳು ಪ್ರೊಫೀರಾ. "ಹೋಗು, ಇನ್ನೂ ಬಟ್ಟಲಿದೆ."

ಅವನು ಗಾಡಿ ತಳ್ಳಿಕೊಂಡು ಹೋದ. ಅವಳು ಬೆಂಚಿನ ಮೇಲೆ ಕೂತು, ಸುರುಳಿಯೊಂದನ್ನು ಬೆರಳಿನಿಂದಲೇ ಎತ್ತಿ ತಿಂದಳು. ತಿನ್ನುತ್ತ ಅತ್ತಳು. ನಾನು ಕಂಡದ್ದು ಅವಳಿಗೆ ಗೊತ್ತಿರಲಿಲ್ಲ.

ಮುಂದಿನ ಗುರುವಾರ ಸಂಘದ ಸಭೆಯಲ್ಲಿ ವಿಯೋರಿಕಾ ಎದ್ದು ನಿಂತಳು.

"ಅತ್ತೆಯ ಊಟಕ್ಕೆ ಹೋಗಬೇಡಿ ಅಂತ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲಮ್ಮ," ಎಂದರು ಗ್ರೋಜಾವ್ ಮೇಷ್ಟ್ರು. "ಅಂಥದ್ದು ಸಂಘದ ಬಾಯಲ್ಲಿ ಬಂದಿಲ್ಲ."

"ಹಾಗಾದ್ರೆ ಊರಿಗೆಲ್ಲ ಒಂದೇ ದಿನ ಹೊಟ್ಟೆನೋವು ಬಂತಾ ಮೇಷ್ಟ್ರೇ?"

ಮೇಷ್ಟ್ರು ಮುಂದಿದ್ದ ಕಾಗದಗಳನ್ನು ಜೋಡಿಸತೊಡಗಿದರು.

"ಮರ ಬೇಕು ಅಂತ ಮೊದಲು ಕೂಗಿದವಳು ನಾನು. ಈಗಲೂ ಬೇಕು. ಆದ್ರೆ ಸತ್ತವಳನ್ನ ಉಪವಾಸ ಕೆಡವಿ ಮರ ಬೆಳೆಸ್ತೀವಿ ಅಂತ ಆ ಕಾಗದದಲ್ಲಿ ಬರೆದಿರಲಿಲ್ಲ."

ಅವಳು ಸಂಘ ಬಿಡಲಿಲ್ಲ. ಅವಳ ಪಾಲಿನ ಕೆಲಸಕ್ಕೆ ಎಲ್ಲರಿಗಿಂತ ಮೊದಲು ಬರುತ್ತಿದ್ದಳು. ಮುಗಿದ ಕೂಡಲೇ ಕೈ ಕೊಡವಿ ಎದ್ದುಹೋಗುತ್ತಿದ್ದಳು. ಕಾಫಿಗೆ ಕೂರುತ್ತಿರಲಿಲ್ಲ. ಮನೆಯಲ್ಲೂ ಕೂತು ಮಾತಾಡುವವರಿರಲಿಲ್ಲ. ಆ ಬೇಸಿಗೆ ಅವಳು ರೇಡಿಯೊ ಹೆಗಲಿಗೆ ಹಾಕಿಕೊಂಡು ಕಲ್ಲಂಗಡಿ ಬಳ್ಳಿ ತಿರುಗಿಸುತ್ತಿದ್ದಳು.

ಊಟದ ದಿನ ಕಳೆದು ವಾರದ ಮೇಲೆ ಇಲಾರಿಯೆ ಅಂಗಳದಲ್ಲಿ ಅವಳನ್ನು ನಿಲ್ಲಿಸಿದ.

"ಮೂಡಣ ಅಂಚಲ್ಲಿ ಈ ಸಲ ಬಳ್ಳಿ ಹಬ್ಬಿಸಬೇಡ. ರೈ ಇರಲಿ ಹಾಗೇ."

"ಯಾಕೆ?"

"ನವೆಂಬರಲ್ಲಿ ಮರ ನೆಡ್ತೀನಿ."

ಅವಳು ಬಕೆಟ್ಟು ಕೆಳಗಿಟ್ಟಳು. "ಕಾಗದ ತರ್ಲಾ?"

"ಕಾಗದ ಬೇಡ. ಸಹಿ ಹಾಕಲ್ಲ."

"ಸಹಿ ಇಲ್ದೆ ಸಂಘದವರು ಸಸಿ ಕೊಡಲ್ಲ ಮಾವ."

"ಯಾರು ಕೇಳಿದ್ರು ಅವರ ಸಸಿ?"

ಆ ಬೇಸಿಗೆ ಪೂರ್ತಿ ಅವನು ಬೆಳಗ್ಗೆ ಡ್ಯಾನ್ಯೂಬಿನ ಹಿನ್ನೀರಿಗೆ ಹೋಗಿ ಜೊಂಡು ಕೊಯ್ದು ತಂದು, ಕಂಡಿಯ ಉದ್ದಕ್ಕೂ ಒಬ್ಬನೇ ತಡಿಕೆ ಕಟ್ಟಿದ. ಕಾಲುವೆ ದಾರಿಯಲ್ಲಿ ಹೋಗುವವರು ನೋಡಿಕೊಂಡು ಹೋದರು. ಮೇಷ್ಟ್ರು ಒಂದು ಸಲ ಸೈಕಲ್ ನಿಲ್ಲಿಸಿ, "ಇಲಾರಿಯೆ, ಎರಡು ಆಳು ಕಳಿಸ್ಲಾ?" ಎಂದು ಕೇಳಿದರಂತೆ. "ಸಹಿ ಬೇಕಾದಾಗ ಕೇಳಿದ್ರಿ, ಸಾವೆತಾಳ ಊಟಕ್ಕೆ ಬರಬೇಕಿದ್ದಾಗ ಬರಲಿಲ್ಲ," ಎಂದನಂತೆ ಅವನು, ತಲೆ ಎತ್ತದೆ.

ನವೆಂಬರಿನಲ್ಲಿ ಅವನು ಮಗನ ಬಸ್ಸಿನಲ್ಲಿ ಪೇಟೆಗೆ ಹೋಗಿ ಅರಣ್ಯದವರ ನರ್ಸರಿಯಿಂದ ಮುನ್ನೂರು ಅಕೇಸಿಯಾ ಸಸಿ ತಂದ. ಒದ್ದೆ ಗೋಣಿಯಲ್ಲಿ ಬೇರು ಸುತ್ತಿದ ಆರು ಕಟ್ಟು. ಆರನ್ನೂ ಮುಂದೆ ತನ್ನ ಕಾಲ ಬುಡದಲ್ಲೇ ಇಟ್ಟುಕೊಂಡಿದ್ದ. ಬಸ್ಸಿನಲ್ಲಿ ಯಾರೂ ಏನೂ ಕೇಳಲಿಲ್ಲ. ದಾರಿಯಲ್ಲಿ ತೀತು ಒಂದೇ ಮಾತಾಡಿದ.

"ಅಪ್ಪ, ಇವತ್ತು ಮನೆಯೊಳಗೆ ಮಲಗು. ಚಳಿ ಶುರುವಾಯ್ತು."

"ಅಲ್ಲಿ ಒಲೆ ಚೆನ್ನಾಗಿದೆ," ಎಂದ ಇಲಾರಿಯೆ.

ನೆಟ್ಟದ್ದು ಶುಕ್ರವಾರ, ನಾಲ್ಕೇ ಜನ. ತೀತು ಗುಂಡಿ ತೋಡಿದ, ಸ್ಮಾರಂದಾ ನೀರು ಹೊತ್ತಳು, ಇಲಾರಿಯೆ ಮತ್ತು ವಿಯೋರಿಕಾ ಸಸಿ ಇಟ್ಟರು. ಮಧ್ಯಾಹ್ನ ನಿಂತುಕೊಂಡೇ ಬ್ರೆಡ್ಡು, ಉಪ್ಪಿನ ಗಿಣ್ಣು ತಿಂದರು. ಎರಡು ಗಂಟೆಯ ಬಸ್ಸಿಗೆ ತೀತು ಹೊರಟ. ಮಗಳು ಪರೀಕ್ಷೆಗೆ ಓದಬೇಕೆಂದು ಅವನ ಜೊತೆ ಹೋದಳು. ಮೂರರ ಹೊತ್ತಿಗೆ ಎರಡು ಸಾಲೂ ಮುಗಿದಿತ್ತು. ವಿಯೋರಿಕಾ ಖಾಲಿ ಗೋಣಿ ಸುತ್ತಿಡುತ್ತಿದ್ದಳು.

ಆಗ ಪ್ರೊಫೀರಾ ತನ್ನ ಹೊಲದ ಅಂಚಿಗೆ ಬಂದು ನಿಂತಳು. ಗಡಿಯ ಕಲ್ಲು ದಾಟಲಿಲ್ಲ. ಹತ್ತಿರದಲ್ಲಿದ್ದ ಒಂದು ಸಸಿಯನ್ನು ಬಗ್ಗಿ ಎರಡು ಬೆರಳಲ್ಲಿ ಎಳೆದು ನೋಡಿದಳು. ಅದು ಸಲೀಸಾಗಿ ಮೇಲೆ ಬಂತು. ಇಲಾರಿಯೆಗೆ ಏನೋ ಹೇಳಿದಳು. ಅವನು ಆ ಸಸಿಯನ್ನು ತೆಗೆದು, ಗುಂಡಿಯನ್ನು ಮೊಣಕೈವರೆಗೆ ತೋಡಿ, ಮತ್ತೆ ಇಟ್ಟು, ಕಾಲಿನಿಂದ ಅದುಮಿದ. ಅವಳು ಮತ್ತೆ ಎಳೆದು ನೋಡಿದಳು. ಬರಲಿಲ್ಲ. ತಿರುಗಿ ಮನೆಯ ಕಡೆ ನಡೆದಳು.

"ಏನಂದ್ರು ಮಾವ?"

"ಆಳ ಸಾಲದು, ಗಾಳಿ ಕಿತ್ತುಹಾಕುತ್ತೆ ಅಂದಳು."

"ಅಷ್ಟೇನಾ?"

"ಅಷ್ಟೇ."

ಅವನು ಸಲಿಕೆ ಎತ್ತಿಕೊಂಡು ಮೊದಲ ಸಸಿಯ ಹತ್ತಿರ ಹೋಗಿ ಮಂಡಿಯೂರಿದ.

"ಎಲ್ಲಾನೂನಾ? ಮುನ್ನೂರಿದೆ ಮಾವ."

"ಗೊತ್ತು. ನೀನು ಮನೆಗೆ ಹೋಗು."

ವಿಯೋರಿಕಾ ಮನೆಗೆ ಹೋಗಲಿಲ್ಲ. ಸಾಲಿನ ಇನ್ನೊಂದು ತುದಿಗೆ ನಡೆದುಹೋಗಿ ಅಲ್ಲಿಂದ ಶುರು ಮಾಡಿದಳು.

ನಾನು ಕಾಲುವೆ ದಾರಿಯಲ್ಲಿ ಸೈಕಲ್ ತಳ್ಳಿಕೊಂಡು ಬರುತ್ತಿದ್ದಾಗ ಕಂಡದ್ದು ಅದು. ಬಟ್ಟಬಯಲಿನಲ್ಲಿ ಇಬ್ಬರು, ನಡುವೆ ನೂರೈವತ್ತು ಮೀಟರ್. ಒಬ್ಬರನ್ನೊಬ್ಬರು ನೋಡದೆ ಒಂದೊಂದೇ ಸಸಿಯನ್ನು ಕಿತ್ತು, ಆಳಕ್ಕೆ ಇಳಿಸಿ, ಮುಂದಕ್ಕೆ ಸರಿಯುತ್ತಿದ್ದರು. ನನ್ನ ಚೀಲದಲ್ಲಿ ಇನ್ನೂ ಹನ್ನೊಂದು ಮನೆಯ ಕಾಗದವಿತ್ತು. ದೂರದ ರಸ್ತೆಯಲ್ಲಿ ಜನ ಅಂಗಡಿಯಿಂದ ವಾಪಸು ಹೋಗುತ್ತಿದ್ದರು. ನಾನು ನಿಂತರೆ ಅವರಿಗೆ ಕಾಣುತ್ತಿತ್ತು.

ಸೈಕಲ್ಲನ್ನು ದಂಡೆಗೆ ಒರಗಿಸಿ ಇಳಿದುಹೋದೆ.

"ಅಜ್ಜ, ಸಲಿಕೆ ತಂದಿಲ್ಲ ನಾನು."

ಇಲಾರಿಯೆ ತಲೆ ಎತ್ತಿ ನನ್ನನ್ನೂ, ನನ್ನ ಸಮವಸ್ತ್ರವನ್ನೂ, ಹೆಗಲ ಚೀಲವನ್ನೂ ನೋಡಿದ.

"ಮರಳು ಕಣಮ್ಮ ಇದು," ಎಂದ. "ಕೈ ಸಾಕು."